ಹಿರಾದಿಂದ ಇಳಿದ ದಾರಿ

ಊರಿನ ಬಸ್ಸಿನಿಂದ ಸಯನ್‌ನಲ್ಲಿ ಇಳಿದವರೇ, ರೈಲ್ವೆ ನಿಲ್ದಾಣದ ಹತ್ತಿರವಿರುವ ಗುಡ್ಡವನ್ನು ಒಮ್ಮೆಯಾದರೂ ಹತ್ತಿದ್ದೀರಾ? ಕೆಳಗೆ ಉದ್ಯಾನ, ಮೇಲೆ ಪಾಳುಬಿದ್ದ ಕೋಟೆ. 1669ರಿಂದ 1677ರ ನಡುವೆ, ಜೆರಾಲ್ಡ್ ಆಂಜಿಯರ್ ಗವರ್ನರ್ ಆಗಿದ್ದಾಗ ಈಸ್ಟ್ ಇಂಡಿಯಾ ಕಂಪೆನಿ ಕಟ್ಟಿಸಿದ್ದು. ಈಚೆ ಇಂಗ್ಲಿಷರ ನೆಲ, ಆಚೆ ಪೋರ್ಚುಗೀಸರ ಸಾಷ್ಟಿ ದ್ವೀಪ. ಮರಾಠಿಯಲ್ಲಿ ಈ ಜಾಗದ ಹೆಸರು ‘ಶೀವ್’, ಅಂದರೆ ಗಡಿ. ಜೆರುಸಲೇಮಿನ ಸಿಯೋನ್ ಬೆಟ್ಟದ ನೆನಪಿಗೆ ಪಾದ್ರಿಗಳು ಇಟ್ಟ ಹೆಸರಿದು ಅನ್ನುವವರೂ ಇದ್ದಾರೆ. ಹೆಸರು ಹೇಗೇ ಬಂದಿರಲಿ, ಕೋಟೆಗೆ ಇದ್ದದ್ದು ಒಂದೇ ಕೆಲಸ: ಆಚೆಯವರ ಮೇಲೆ ಕಣ್ಣಿಡುವುದು.

ಇದೇ ಮುಂಬೈಯಿಂದ ನಮ್ಮ ಹಿರಿಯರು ಹಜ್‌ಗೆ ಹಡಗು ಹತ್ತುತ್ತಿದ್ದರು. ಕ್ರಾಫರ್ಡ್ ಮಾರ್ಕೆಟ್ ಬಳಿಯ ಸಾಬೂ ಸಿದ್ದೀಕ್ ಮುಸಾಫಿರ್‌ಖಾನದ ಹೆಸರು ಅಂದಿನ ಹಾಜಿಗಳಿಗೆಲ್ಲ ಗೊತ್ತು. ಜಿದ್ದಾಕ್ಕೆ ಹೋಗುತ್ತಿದ್ದ ಆ ಹಡಗು ಯಾನ 1995ರಲ್ಲಿ ನಿಂತಿತು. ಈಗ ವಿಮಾನ. ಆದರೆ ಅಂದೂ ಇಂದೂ ಹಾಜಿಗಳು ನೋಡಲು ಆಸೆಪಡುವ ಬೆಟ್ಟವೊಂದಿದೆ: ಜಬಲುನ್ನೂರ್.

ಮಕ್ಕಾದ ಹರಮ್ ಮಸೀದಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಈ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್. ಮರವಿಲ್ಲ, ನೆರಳಿಲ್ಲ, ಬರೀ ಬಂಡೆ. ಬಿಸಿಲೇರುವ ಮೊದಲು ಹತ್ತಿ ಮುಗಿಸಬೇಕು ಅಂತ ಹಲವರು ಫಜ್ರ್ ನಮಾಝಿನ ಹೊತ್ತಿಗೇ ಹೊರಡುತ್ತಾರೆ. ಹಜ್, ಉಮ್ರಾದ ಕರ್ಮಗಳಲ್ಲಿ ಇದು ಸೇರಿಲ್ಲ. ಹತ್ತಲಾಗದವರು ಏನನ್ನೂ ಕಳೆದುಕೊಂಡಂತಲ್ಲ. ಇನ್ನೊಂದು ವಿಷಯ ಗಮನಿಸಿ: ಹಿರಾ ಗುಹೆ ಇರುವುದು ತುದಿಯಲ್ಲಲ್ಲ. ಮೇಲೆ ಹೋಗಿ, ಆಚೆ ಬದಿಗೆ ಸ್ವಲ್ಪ ಇಳಿದರೆ ಸಿಗುತ್ತದೆ. ನಾಲ್ಕೈದು ಜನ ಹಿಡಿಸುವಷ್ಟು ಇಕ್ಕಟ್ಟು.

ಕ್ರಿ.ಶ. 610ರ ರಮಝಾನ್‌ನಲ್ಲಿ, ನಲವತ್ತರ ವಯಸ್ಸಿನ ಪ್ರವಾದಿ ಮುಹಮ್ಮದ್(ಸ)ರಿಗೆ ಮೊದಲ ದಿವ್ಯವಾಣಿ ಬಂದದ್ದು ಇಲ್ಲೇ. ಮೊದಲ ಪದ ‘ಇಕ್ರಅ್’, ಅಂದರೆ ಓದು. ಆ ಮಾತು ನಮಗೆಲ್ಲ ಬಾಯಿಪಾಠ. ಆಮೇಲೆ ನಡೆದದ್ದನ್ನು ಎಷ್ಟು ಜನ ನೆನೆಯುತ್ತೇವೆ?

ಅವರು ಅಲ್ಲೇ ಉಳಿಯಲಿಲ್ಲ. ನಡುಗುತ್ತಾ ಬೆಟ್ಟ ಇಳಿದು ಮನೆಗೆ ಬಂದರು, ಹೊದಿಸಿ ಅಂದರು. ಖದೀಜಾ(ರ) ಹೊದಿಸಿದರು, ಭಯ ಇಳಿಯುವವರೆಗೂ ಜತೆಗಿದ್ದರು. ಅವರು ಹೇಳಿದ ಸಾಂತ್ವನದಲ್ಲಿ ಬೆಟ್ಟದ ಮಾತೇ ಇಲ್ಲ. ನೀವು ನೆಂಟರನ್ನು ಕೈಬಿಡದವರು, ಬಡವರ ಭಾರ ಹೊರುವವರು, ಅತಿಥಿಗಳನ್ನು ಆದರಿಸುವವರು, ಅಲ್ಲಾಹನು ನಿಮ್ಮನ್ನು ಅವಮಾನಿಸಲಾರ ಎಂಬುದು ಅದರ ಸಾರ. ಹಿಂದೆ ಗುಹೆಯಲ್ಲಿ ದಿನಗಟ್ಟಲೆ ಏಕಾಂತದಲ್ಲಿ ಇರುತ್ತಿದ್ದಾಗಲೂ, ಒಯ್ದ ಆಹಾರ ಮುಗಿದರೆ ಪ್ರವಾದಿಯವರು ಮರಳುತ್ತಿದ್ದುದು ಇದೇ ಖದೀಜಾರ ಬಳಿಗೆ. ಆ ಬೆಟ್ಟದ ಚರಿತ್ರೆಯನ್ನು ಈ ಮನೆ ಬಿಟ್ಟು ಬರೆಯಲಾಗದು.

ಸಯನ್ ಗುಡ್ಡದ ಎತ್ತರ ಗಡಿ ಕಾಯಲು ಬೇಕಿತ್ತು. ಜಬಲುನ್ನೂರಿನಿಂದ ಇಳಿದು ಬಂದ ಮಾತು ಗಡಿಗಳನ್ನು ದಾಟಿತು; ಅದನ್ನು ನಂಬಿದ ಮೊದಲ ವ್ಯಕ್ತಿ ಒಬ್ಬ ಹೆಣ್ಣು.

ಈಗ ಜಬಲುನ್ನೂರಿನ ಫೋಟೋಗಳು ದಿನವೂ ನಮ್ಮ ಮೊಬೈಲಿಗೆ ಬರುತ್ತವೆ. ಸಂತೋಷವೇ. ಆದರೆ ವಿದ್ಯಾರ್ಥಿಗಳೇ, ಮುಂದಿನ ಸಲ ಹಾಜಿಯೊಬ್ಬರು ಸಿಕ್ಕಾಗ ‘ತುದಿ ಮುಟ್ಟಿದಿರಾ?’ ಅಂತ ಮಾತ್ರ ಕೇಳಬೇಡಿ. ‘ಇಳಿದು ಬಂದ ಮೇಲೆ ಯಾರ ಭಾರ ಹೊತ್ತಿರಿ?’ ಅಂತಲೂ ಕೇಳಿ. ಅವರಿಗೆ ಕೇಳುವ ಮೊದಲು ನಮಗೆ ನಾವೇ ಕೇಳಿಕೊಳ್ಳೋಣ.