ಭೀಮಿಲಿಯಿಂದ ಹಂಸಲದೀವಿಯವರೆಗೆ: ಖಾಲಿ ಕಡಲತೀರದ ತುಂಬು ಚರಿತ್ರೆ



ಕಡಲತೀರದ ಚಾರಣ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗೋಕರ್ಣ. ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಗುಡ್ಡ ಹತ್ತಿ ಇಳಿದು ಹಾಫ್ ಮೂನ್ ಮತ್ತು ಪ್ಯಾರಡೈಸ್. ಆಂಧ್ರಕ್ಕೆ ಬಂದು ನೆಲೆಸಿದ ಮೇಲೆ ನಮ್ಮ ಪಾಲಿನ ಕಡಲು ಎಂದರೆ ವಿಶಾಖಪಟ್ಟಣದ ಆರ್.ಕೆ. ಬೀಚ್, ಸಬ್‌ಮರೀನ್ ಮ್ಯೂಸಿಯಂ ಮತ್ತು ಸುಟ್ಟ ಮೆಕ್ಕೆಜೋಳ. ವಿಜಯವಾಡದ ಗೆಳತಿಯರಿಗಂತೂ ಕೃಷ್ಣೆಯೇ ಎಲ್ಲ. ಅದೇ ಕೃಷ್ಣೆ ಹತ್ತಿರದಲ್ಲೇ ಸಮುದ್ರ ಸೇರುತ್ತಾಳೆ ಎಂಬುದು ಎಷ್ಟೋ ಸಲ ಮರೆತೇಹೋಗಿರುತ್ತದೆ.

ನಾನು ಓದಿದ್ದು ಎಂ.ಟೆಕ್, ಮಾಡುವುದು ಸಾಫ್ಟ್‌ವೇರ್ ಕೆಲಸ. ರಜೆಯ ದಿನಗಳಲ್ಲಿ ಈ ತೀರದ ನಿರ್ಜನ ಭಾಗಗಳಲ್ಲಿ ನಡೆಯುವ ಹವ್ಯಾಸದಿಂದಲೇ ಇತಿಹಾಸದ ಓದು ಶುರುವಾಯಿತು. ನಡೆಯುವಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತಿತ್ತು: ಇಷ್ಟು ಉದ್ದದ ತೀರ ಇಷ್ಟು ಖಾಲಿ ಯಾಕಿದೆ? ಓದುತ್ತಾ ಹೋದಂತೆ ತಿಳಿದದ್ದು ಇಷ್ಟು. ಇಂದು ನಾವು ಖಾಲಿ ಎಂದುಕೊಳ್ಳುವ ಜಾಗಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಜನರಿಂದ ತುಂಬಿದ್ದವು. ಹಡಗು, ಭಿಕ್ಷುಗಳು, ಬಟ್ಟೆಯ ಗಂಟುಗಳು, ದಾನ ಕೊಟ್ಟ ಹೆಣ್ಣುಮಕ್ಕಳು ಎಲ್ಲವೂ ಇಲ್ಲಿದ್ದವು. ಹೂಳು, ಚಂಡಮಾರುತ, ಹೊಸ ಬಂದರು ಇವುಗಳಿಂದಾಗಿ ಒಂದೊಂದಾಗಿ ಬರಿದಾದವು.

ತೊಟ್ಟಿ, ಬಾವಿ ಮತ್ತು ಪಾರಿವಾಳ

ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ, ಅಂದರೆ ಜನರ ಬಾಯಲ್ಲಿ ಭೀಮಿಲಿಗೆ, ಸುಮಾರು 25 ಕಿಲೋಮೀಟರ್. ಬಲಗಡೆ ಬಂಗಾಳಕೊಲ್ಲಿ, ಎಡಗಡೆ ಪೂರ್ವಘಟ್ಟದ ಕೊನೆಯ ಗುಡ್ಡಗಳು. ಋಷಿಕೊಂಡ ದಾಟಿದ ಮೇಲೆ ಜನಸಂದಣಿ ಕಡಿಮೆಯಾಗುತ್ತದೆ. ಮಂಗಮಾರಿಪೇಟೆಯ ಬಳಿ ಅಲೆಗಳು ಕೊರೆದ ಕಲ್ಲಿನ ಕಮಾನು ಸಿಗುತ್ತದೆ. ಅದರ ಹತ್ತಿರದ ಗುಡ್ಡವೇ ತೊಟ್ಲಕೊಂಡ.

ಹೆಸರಿನಲ್ಲೇ ನಮಗೆ ಪರಿಚಯದ ಪದವಿದೆ. ತೆಲುಗಿನ 'ತೊಟ್ಲು' ನಮ್ಮ ತೊಟ್ಟಿಯೇ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ಗುಡ್ಡಕ್ಕೆ ಈ ಹೆಸರು. ಪಕ್ಕದ ಬಾವಿಕೊಂಡಕ್ಕೆ ಅರ್ಥ ಹೇಳಬೇಕಾಗಿಯೇ ಇಲ್ಲ. ಭೀಮಿಲಿಯ ಪಾವುರಾಲಕೊಂಡ ಎಂದರೆ ಪಾರಿವಾಳದ ಗುಡ್ಡ. ಮೂರೂ ಬೌದ್ಧ ವಿಹಾರಗಳಿದ್ದ ಜಾಗ.

ಸಮುದ್ರಮಟ್ಟದಿಂದ ಸುಮಾರು 128 ಮೀಟರ್ ಎತ್ತರದ ತೊಟ್ಲಕೊಂಡ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ, ನೌಕಾಪಡೆ ವೈಮಾನಿಕ ಸಮೀಕ್ಷೆ ನಡೆಸಿದಾಗ. ಆಂಧ್ರಪ್ರದೇಶದ ಪುರಾತತ್ವ ಇಲಾಖೆ 1988ರಿಂದ 1993ರವರೆಗೆ ಇಲ್ಲಿ ಉತ್ಖನನ ಮಾಡಿತು. ಸ್ತೂಪ, ಚೈತ್ಯಗೃಹ, ಭಿಕ್ಷುಗಳ ಕೋಣೆಗಳು ಮತ್ತು ಊಟದ ಮನೆಯ ಅಡಿಪಾಯ ಹೊರಬಂದವು. ಸಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕವು. ಕ್ರಿ.ಪೂ. 3ನೇ ಶತಮಾನದಿಂದ ಕ್ರಿ.ಶ. 3ನೇ ಶತಮಾನದವರೆಗೆ ಇಲ್ಲಿ ವಿಹಾರ ನಡೆಯುತ್ತಿತ್ತೆಂದು ವಿದ್ವಾಂಸರು ಹೇಳುತ್ತಾರೆ.

ಗುಡ್ಡದ ಮೇಲಿನ ವಿಹಾರಕ್ಕೆ ರೋಮನ್ ನಾಣ್ಯ ಹೇಗೆ ಬಂತು? ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಉತ್ತರ ಹೊಳೆಯುತ್ತದೆ. ಕಡಲು ಬಹುದೂರದವರೆಗೆ ಕಾಣುತ್ತದೆ. ಅಂದಿನ ಹಡಗುಗಳು ಮಳೆಗಾಳಿಯನ್ನು ನಂಬಿ ತೀರದುದ್ದಕ್ಕೂ ಸಾಗುತ್ತಿದ್ದವು. ವರ್ತಕರು ದಾನ ಕೊಡುತ್ತಿದ್ದರು, ಭಿಕ್ಷುಗಳು ಅದೇ ಹಡಗುಗಳಲ್ಲಿ ಸಿಂಹಳಕ್ಕೂ ಆಗ್ನೇಯ ಏಷ್ಯಾಕ್ಕೂ ಪಯಣಿಸುತ್ತಿದ್ದರು. ವರ್ಷಾಕಾಲದಲ್ಲಿ ಭಿಕ್ಷುಗಳು ಒಂದೇ ಕಡೆ ತಂಗಬೇಕೆಂಬ ನಿಯಮವಿತ್ತು. ಮಳೆನೀರನ್ನು ಹಿಡಿದಿಡುವ ತೊಟ್ಟಿಗಳ ಮಹತ್ವ ಆಗ ಅರ್ಥವಾಗುತ್ತದೆ.

ಈ ಸೀಮೆಯ ಕನ್ನಡ ನೆನಪು ಬೇಕೆನ್ನುವವರು ಸಿಂಹಾಚಲಕ್ಕೆ ಹೋಗಬಹುದು. ಗಜಪತಿಗಳ ಮೇಲಿನ ದಂಡಯಾತ್ರೆಯಲ್ಲಿ 1516ರಲ್ಲಿ ಇಲ್ಲಿಗೆ ಬಂದ ಕೃಷ್ಣದೇವರಾಯನು ರಾಣಿಯರಾದ ತಿರುಮಲದೇವಿ ಮತ್ತು ಚಿನ್ನಾದೇವಿಯರೊಡನೆ ದೇವರಿಗೆ ಒಡವೆಗಳನ್ನು ಅರ್ಪಿಸಿದ್ದನ್ನು ದೇವಾಲಯದ ಶಾಸನ ಹೇಳುತ್ತದೆ.

ಕೆಂಪು ಮಣ್ಣಿನ ದಿಬ್ಬಗಳು

ಭೀಮಿಲಿಗೆ ಕೆಲವೇ ಕಿಲೋಮೀಟರ್ ಇರುವಾಗ ಎರ್ರಮಟ್ಟಿ ದಿಬ್ಬಾಲು ಸಿಗುತ್ತವೆ. ಎರ್ರಮಟ್ಟಿ ಎಂದರೆ ಕೆಂಪು ಮಣ್ಣು, ದಿಬ್ಬ ನಮ್ಮದೇ ದಿಬ್ಬ. ಸಿನಿಮಾ ಹಾಡುಗಳಲ್ಲಿ ನೀವು ಇವನ್ನು ನೋಡಿರುತ್ತೀರಿ. ಒಳಗೆ ಹೊಕ್ಕರೆ ಮಳೆನೀರು ಕೊರೆದ ಕಿರಿದಾದ ಕೊರಕಲುಗಳು, ಎರಡೂ ಬದಿಗೆ ಕೆಂಪು ಗೋಡೆಗಳು. ನಾಲ್ಕು ತಿರುವು ದಾಟಿದರೆ ದಾರಿ ತಪ್ಪುವಷ್ಟು ಗೊಂದಲ.

ಇದು ಹೇಗಾಯಿತು? ಹಿಮಯುಗದ ಕೊನೆಯ ಘಟ್ಟದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಪ್ರಪಂಚದ ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಕಡಲು ದೂರ ಸರಿದು ಬಯಲಾದ ಮರಳನ್ನು ಗಾಳಿ ತಂದು ದಡದಲ್ಲಿ ರಾಶಿ ಹಾಕಿತು, ಗುಡ್ಡಗಳಿಂದ ನೀರೂ ಮಣ್ಣು ತಂದಿತು. ಮರಳಿನ ಕಣಗಳ ಮೇಲೆ ಕಬ್ಬಿಣದ ಆಕ್ಸೈಡ್ ಲೇಪವಾಗಿ ಕೆಂಪಾಯಿತು. ನಮ್ಮ ವೃತ್ತಿಯಲ್ಲಿ ಏನೋ ಕೆಟ್ಟರೆ ಹಳೆಯ ಲಾಗ್ ತೆಗೆದು, ಯಾವಾಗ ಏನು ನಡೆಯಿತೆಂದು ಸಾಲು ಸಾಲಾಗಿ ಓದುತ್ತೇವೆ. ಭೂವಿಜ್ಞಾನಿಗಳಿಗೆ ಈ ಪದರಗಳು ಹಾಗೆಯೇ. ಸಮುದ್ರ ಏರಿದ್ದು, ಇಳಿದದ್ದು, ಹವಾಮಾನ ಬದಲಾದದ್ದು ಎಲ್ಲ ಇಲ್ಲಿ ದಾಖಲಾಗಿದೆ. ಶಿಲಾಯುಗದ ಉಪಕರಣಗಳೂ ಇಲ್ಲಿ ಸಿಕ್ಕಿವೆ. ಇಂಥದೇ ಕೆಂಪು ಮರಳು ತಮಿಳುನಾಡಿನ 'ತೇರಿ'ಗಳಲ್ಲಿ ಮತ್ತು ಶ್ರೀಲಂಕಾದಲ್ಲಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂಪರಂಪರೆಯ ತಾಣವೆಂದು ಗುರುತಿಸಿದೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಅದೇ ಸಲ ಅದೇ ಪಟ್ಟಿಗೆ ನಮ್ಮ ಉಡುಪಿಯ ಸೇಂಟ್ ಮೇರೀಸ್ ದ್ವೀಪಗಳೂ ಸೇರಿದವು. ಆದರೂ 2024ರಲ್ಲಿ ದಿಬ್ಬಗಳ ಒಂದು ಭಾಗದಲ್ಲಿ ಯಂತ್ರಗಳು ನೆಲ ಸಮತಟ್ಟು ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು. ದೇವಾಲಯ ಬಿದ್ದರೆ ಕಲ್ಲುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಬಹುದು. ಸಾವಿರಾರು ವರ್ಷ ಗಾಳಿ ಕೂರಿಸಿದ ಮರಳನ್ನು ಯಾರು ಮತ್ತೆ ಕೂರಿಸುತ್ತಾರೆ?

ಡಚ್ಚರ ಸಮಾಧಿಗಳು

ಗೋಸ್ತನಿ ನದಿ ಸಮುದ್ರ ಸೇರುವಲ್ಲಿ ಭೀಮಿಲಿ ಇದೆ. 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ವ್ಯಾಪಾರ ಕೋಠಿ ಕಟ್ಟಿತು. ಅವರಿಗೆ ಬೇಕಾಗಿದ್ದು ಈ ಸೀಮೆಯ ನೇಕಾರರ ಹತ್ತಿಬಟ್ಟೆ. ಅದನ್ನು ಕೊಟ್ಟು ಇಂಡೋನೇಷ್ಯಾದ ದ್ವೀಪಗಳಲ್ಲಿ ಮಸಾಲೆ ಕೊಳ್ಳುತ್ತಿದ್ದರು. 1825ರಲ್ಲಿ ಊರು ಇಂಗ್ಲಿಷರ ಕೈ ಸೇರಿತು. 1861ರಲ್ಲಿ ಪುರಸಭೆಯಾಯಿತು, ದೇಶದ ಹಳೆಯ ಪುರಸಭೆಗಳಲ್ಲಿ ಇದೂ ಒಂದು. 1933ರಲ್ಲಿ ವಿಶಾಖಪಟ್ಟಣದಲ್ಲಿ ದೊಡ್ಡ ಹಡಗುಗಳು ಒಳಬರುವ ಬಂದರು ತೆರೆದ ಮೇಲೆ ಭೀಮಿಲಿಗೆ ಹಡಗುಗಳ ಕೆಲಸ ಉಳಿಯಲಿಲ್ಲ. ಈಗ ಉಳಿದಿರುವುದು ದೀಪಸ್ತಂಭ, ಗಡಿಯಾರದ ಗೋಪುರ ಮತ್ತು ಗೋಪುರದಾಕಾರದ ಗೋರಿಗಳಿರುವ ಡಚ್ ಸ್ಮಶಾನ.

ಬನವಾಸಿಯ ಸೊಸೆ

ಇನ್ನು ವಿಜಯವಾಡದ ಕಡೆಗೆ ಬರೋಣ. ಇಲ್ಲಿನ ತೀರಕ್ಕೆ ಗುಡ್ಡಗಳಿಲ್ಲ. ಎಲ್ಲವೂ ನದಿ ತಂದು ಸುರಿದ ಮಣ್ಣು. ನದಿಮುಖಜ ಭೂಮಿ ಮುಂದೆ ಮುಂದೆ ಬೆಳೆದಂತೆ ಹಳೆಯ ಬಂದರುಗಳು ಒಳನಾಡಿನ ಹಳ್ಳಿಗಳಾದವು. ಘಂಟಸಾಲ ಅಂಥದೊಂದು ಊರು. ಕ್ರಿ.ಶ. 2ನೇ ಶತಮಾನದ ಟಾಲೆಮಿ 'ಕೊಂಟಕೊಸ್ಸಿಲಾ' ಎಂದು ಕರೆದ ವ್ಯಾಪಾರಕೇಂದ್ರ ಇದೇ ಎನ್ನುತ್ತಾರೆ. ಅಲ್ಲಿ ಬೌದ್ಧ ಸ್ತೂಪದ ಅವಶೇಷ ಮತ್ತು ವಸ್ತುಸಂಗ್ರಹಾಲಯವಿದೆ. ಕಡಲು ಮಾತ್ರ ದೂರ ಸರಿದಿದೆ.

ಇಲ್ಲಿಗೆ ಸಂಬಂಧಪಟ್ಟ ಇಬ್ಬರು ಹೆಣ್ಣುಮಕ್ಕಳ ಕಥೆಯನ್ನು ನಮ್ಮ ವೇದಿಕೆಯ ಸದಸ್ಯೆಯರಿಗೆ ಹೇಳಲೇಬೇಕು. ಎರಡೂ ಕೃಷ್ಣೆಯ ದಡದ ನಾಗಾರ್ಜುನಕೊಂಡದ ಶಾಸನಗಳಲ್ಲಿವೆ, ಎರಡೂ ಇಕ್ಷ್ವಾಕು ಅರಸರ ಕಾಲದವು, ಸುಮಾರು ಕ್ರಿ.ಶ. 3ನೇ ಶತಮಾನ.

ಮೊದಲನೆಯವಳು ಬೋಧಿಸಿರಿ. ರಾಣಿಯಲ್ಲ, ಒಬ್ಬ ಉಪಾಸಿಕೆ. ಸಿಂಹಳದ ಭಿಕ್ಷುಗಳಿಗಾಗಿ ಚೈತ್ಯಗೃಹ ಕಟ್ಟಿಸಿದಳು. ತನ್ನ ಬೇರೆ ದಾನಗಳನ್ನೂ ಶಾಸನದಲ್ಲಿ ಪಟ್ಟಿ ಮಾಡಿಸಿದ್ದಾಳೆ. ಅವುಗಳಲ್ಲಿ ಒಂದು, ಕಂಟಕಸೇಲದ, ಅಂದರೆ ಘಂಟಸಾಲದ, ಮಹಾಚೈತ್ಯದ ಪೂರ್ವದ್ವಾರದಲ್ಲಿ ಕಟ್ಟಿಸಿದ ಕಲ್ಲಿನ ಮಂಟಪ. ಆ ಭಿಕ್ಷುಗಳು ಧರ್ಮ ಹರಡಿದ ನಾಡುಗಳ ಹೆಸರೂ ಅಲ್ಲಿದೆ: ಕಾಶ್ಮೀರ, ಗಾಂಧಾರ, ಚೀನಾ, ವಂಗ ಮತ್ತು ನಮ್ಮ ವನವಾಸಿ!

ಎರಡನೆಯವಳು ಕೊಡಬಲಿಸಿರಿ. ಇಕ್ಷ್ವಾಕು ಅರಸ ವೀರಪುರುಷದತ್ತನ ಮಗಳು. ವನವಾಸದ, ಅಂದರೆ ಬನವಾಸಿಯ, ಮಹಾರಾಜನಿಗೆ ಕೊಟ್ಟು ಮದುವೆಯಾಗಿತ್ತು. ಪಟ್ಟದಲ್ಲಿ ಅಣ್ಣತಮ್ಮಂದಿರ ಪೈಕಿಯ ಎಹುವುಲ ಚಾಂತಮೂಲನಿದ್ದಾಗ ಅವಳು ತವರಿನಲ್ಲಿ ಭಿಕ್ಷುಗಳಿಗೆ ವಿಹಾರ ಕಟ್ಟಿಸಿ ಕಂಬ ನಿಲ್ಲಿಸಿದಳು. ಗಂಡನ ಊರಿನ ಹೆಸರನ್ನೂ ತವರಿನ ಹೆಸರನ್ನೂ ಒಂದೇ ಕಲ್ಲಿನಲ್ಲಿ ಬರೆಸಿದಳು. ಮಯೂರವರ್ಮ ಕದಂಬ ರಾಜ್ಯ ಕಟ್ಟುವುದಕ್ಕೂ ಮುಂಚಿನ ಮಾತು ಇದು. ಅವಳು ಇಲ್ಲಿಂದ ಕನ್ನಡನಾಡಿಗೆ ಹೋದವಳು, ನಾವು ಅಲ್ಲಿಂದ ಇಲ್ಲಿಗೆ ಬಂದವರು. ಬನವಾಸಿಯನ್ನು ಸುತ್ತುವ ವರದಾ ನದಿ ತುಂಗಭದ್ರೆಯನ್ನು ಸೇರುತ್ತದೆ, ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ. ಅವಳ ಗಂಡನ ಮನೆಯ ನೀರು ಅವಳ ತವರಿನ ಮುಂದೆಯೇ ಹರಿದು ಕಡಲಿಗೆ ಹೋಗುತ್ತಿತ್ತು.

ನದಿ ಮುಗಿಯುವ ಜಾಗ

ಆ ನೀರು ಕಡಲು ಸೇರುವ ಜಾಗಗಳಲ್ಲೊಂದು ಹಂಸಲದೀವಿ. ಮಹಾಬಲೇಶ್ವರದಲ್ಲಿ ಹುಟ್ಟಿ ಸುಮಾರು 1,400 ಕಿಲೋಮೀಟರ್ ಹರಿದು, ಆಲಮಟ್ಟಿ, ನಾರಾಯಣಪುರ, ರಾಯಚೂರು ದಾಟಿ, ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ ಹೊಲಗಳಿಗೆ ನೀರು ಹಂಚಿ, ಕೃಷ್ಣೆ ಉಳಿದದ್ದನ್ನು ಇಲ್ಲಿಗೆ ತರುತ್ತಾಳೆ. ಹಳ್ಳಿಯಲ್ಲಿ ವೇಣುಗೋಪಾಲಸ್ವಾಮಿಯ ದೇವಾಲಯವಿದೆ. ಇಲ್ಲಿ ಮುಳುಗಿದ ಕಾಗೆ ಹಂಸವಾಗಿ ಎದ್ದಿತೆಂಬ ಐತಿಹ್ಯದಿಂದ ಊರಿಗೆ ಈ ಹೆಸರು. ಊರು ದಾಟಿ ಸಂಗಮದ ಕಡೆ ನಡೆದರೆ ಮರಳು, ಕೆಸರು, ಉಬ್ಬರವಿಳಿತದ ನೀರಿನಲ್ಲಿ ಬೇರು ಬಿಟ್ಟ ಕಾಂಡ್ಲಾ ಕಾಡು. ಹತ್ತಿರದಲ್ಲೇ ಕೃಷ್ಣಾ ವನ್ಯಜೀವಿಧಾಮವಿದ್ದು, ಮೀನು ಹಿಡಿದು ತಿನ್ನುವ ಕಾಡುಬೆಕ್ಕು ಅಲ್ಲಿದೆ.

ಈ ಮೌನ ಹಿತವಾದದ್ದೇ, ಆದರೆ ಅದರ ಹಿಂದೆ ದುಃಖವೂ ಇದೆ. 1977ರ ನವೆಂಬರ್ 19ರಂದು ದಿವಿಸೀಮೆಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಕಡಲೇ ಗೋಡೆಯಂತೆದ್ದು ಒಳಗೆ ನುಗ್ಗಿತು. ಅಧಿಕೃತ ಲೆಕ್ಕದಲ್ಲೇ ಸುಮಾರು 10,000 ಜನ ಸತ್ತರು. ಸಮೀಪದ ಮಚಲೀಪಟ್ಟಣ 1864ರಲ್ಲೇ ಇಂಥದನ್ನು ಕಂಡಿತ್ತು. ಆಗ ಸುಮಾರು 30,000 ಜನ ಹೋದರು. 1611ರಲ್ಲಿ ಇಂಗ್ಲಿಷರು ಕೋಠಿ ತೆರೆದ, ಕಲಂಕಾರಿ ಬಟ್ಟೆಗೆ ಹೆಸರಾದ ಆ ಬಂದರು ಮತ್ತೆ ಮೊದಲಿನಂತಾಗಲಿಲ್ಲ. ಗಮನಿಸಿ, ತೀರದ ಕಾಂಡ್ಲಾ ಕಾಡು ಅಲೆಗಳ ರಭಸವನ್ನು ತಡೆಯುತ್ತದೆ. ನಮಗೆ ಪೊದೆಯಂತೆ ಕಾಣುವುದು ಒಳಗಿನ ಹಳ್ಳಿಗಳಿಗೆ ಬೇಲಿ.

ಹೋಗುವವರಿಗೆ

ಡಿಸೆಂಬರಿನಿಂದ ಫೆಬ್ರವರಿ ನಡೆಯಲು ಒಳ್ಳೆಯ ಕಾಲ. ಬೆಳಗ್ಗೆ ಬೇಗ ಹೊರಡಿ, ನಮ್ಮ ಕರಾವಳಿಯಲ್ಲಿ ಮುಳುಗುವ ಸೂರ್ಯ ಇಲ್ಲಿ ಕಡಲಿನಿಂದ ಏಳುತ್ತಾನೆ. ಕುಡಿಯುವ ನೀರು, ಟೋಪಿ, ಮರಳಿಗೆ ಹೊಂದುವ ಶೂ ಇರಲಿ. ಕನಿಷ್ಠ ನಾಲ್ಕು ಜನ ಸೇರಿ ಹೋಗಿ, ಸ್ಥಳೀಯ ಮೀನುಗಾರರ ಮಾತು ಕೇಳಿ. ಈ ಕಡಲಿನ ಸೆಳೆತ ಜೋರು, ಈಜಲು ಇಳಿಯಬೇಡಿ. ಕೆಂಪು ದಿಬ್ಬಗಳ ಅಂಚು ಹತ್ತಬೇಡಿ, ಕುಸಿಯುತ್ತದೆ. ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುವ ತಿಂಗಳುಗಳೂ ಇವೇ, ಆದ್ದರಿಂದ ರಾತ್ರಿ ತೀರದಲ್ಲಿ ಟಾರ್ಚ್ ಹಾಕಿ ತಿರುಗಾಡಬೇಡಿ. ಹಂಸಲದೀವಿಯಲ್ಲಿ ಉಬ್ಬರದ ಸಮಯ ಕೇಳಿಕೊಂಡೇ ಸಂಗಮದ ಕಡೆ ಹೊರಡಿ.

ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಇಲ್ಲೇ ಹುಟ್ಟಿ ಬೆಳೆಯುತ್ತಿರುವ ಅವರಿಗೆ ಬನವಾಸಿ ಎಂದರೆ ಪುಸ್ತಕದ ಹೆಸರು ಮಾತ್ರ. ತೊಟ್ಲಕೊಂಡದಲ್ಲಿ ನಿಂತು ತೊಟ್ಟಿ ತೋರಿಸಿ, ಘಂಟಸಾಲದಲ್ಲಿ ಬೋಧಿಸಿರಿಯ ಮಂಟಪದ ಕಥೆ ಹೇಳಿ, ಹಂಸಲದೀವಿಯ ನೀರು ಮುಟ್ಟಿಸಿ. ಅಜ್ಜಿಯ ಊರಿನ ಹೊಳೆ ಇಲ್ಲಿಯವರೆಗೂ ಬಂದಿದೆ ಎಂದು ಹೇಳಿದರೆ, ಎರಡೂ ನಾಡು ತಮ್ಮದೆಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ.