ಎಚ್‌ಐವಿ ತಡೆ ಮತ್ತು ಆರೈಕೆ: ಕರ್ನಾಟಕದ ಇತಿಹಾಸ

ಎಚ್‌ಐವಿ ಸೋಂಕು ಹರಡದಂತೆ ತಡೆಯುವ, ಸೋಂಕಿತರಿಗೆ ಔಷಧ ಮತ್ತು ಆಸರೆ ಒದಗಿಸುವ, ಅವರ ಹಕ್ಕುಗಳನ್ನು ಕಾಯುವ ಕೆಲಸ ಕರ್ನಾಟಕದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಇದರಲ್ಲಿ ಸರ್ಕಾರದ ಪಾಲು ದೊಡ್ಡದು. ಸೋಂಕಿತರು, ಲೈಂಗಿಕ ಕಾರ್ಯಕರ್ತೆಯರು, ಲೈಂಗಿಕ ಅಲ್ಪಸಂಖ್ಯಾತರು ತಾವೇ ಕಟ್ಟಿಕೊಂಡ ಸಂಘಗಳ ಪಾಲೂ ಅಷ್ಟೇ ದೊಡ್ಡದು.

ಭಯದ ವರ್ಷಗಳು

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಯುವ ಸಂಶೋಧಕಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಸೋಂಕು ಕಾಣಿಸಿತು. ಆಗ ಕಾಯಿಲೆಗಿಂತ ಅದರ ಹೆದರಿಕೆಯೇ ವೇಗವಾಗಿ ಹರಡಿತು. ನೆರೆಯ ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ರಕ್ತದಾನಿಗೆ ಸೋಂಕಿದೆ ಎಂದು ತಿಳಿದೊಡನೆ ಪೊಲೀಸರು ಕರೆದೊಯ್ದು, ಕ್ಷಯರೋಗಿಗಳಿಗಾಗಿ ಕಟ್ಟಿದ್ದ ಹಳೆಯ ಕಟ್ಟಡವೊಂದರಲ್ಲಿ 64 ದಿನ ಕೂಡಿಟ್ಟರು. ಅವರು ಮಾಡಿದ ಅಪರಾಧ ಯಾವುದೂ ಇರಲಿಲ್ಲ. ಅಂದಿನ ಗೋವಾದ ಆರೋಗ್ಯ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿತ್ತು.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿಯಿಂದ ಹಣಕ್ಕಾಗಿ ರಕ್ತ ಮಾರುವುದು ನಿಷೇಧವಾಯಿತು. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ ‘ಸಂರಕ್ಷ’ ಸಂಸ್ಥೆ ಆಪ್ತ ಸಮಾಲೋಚನೆಗೆ ನೆಲೆಯೊದಗಿಸಿತು. 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ರಚನೆಯಾದ ಮೇಲೆ ರಾಜ್ಯದ ಕೆಲಸವೆಲ್ಲ ಒಂದು ಸೂರಿನಡಿ ಬಂತು.

ಹೆದ್ದಾರಿ ಮತ್ತು ಕರಾವಳಿ

ಬಂಟ್ವಾಳ ತಾಲ್ಲೂಕಿನ ಮಾಣಿಯಲ್ಲಿ ಮಂಗಳೂರಿನಿಂದ ಬರುವ ಹೆದ್ದಾರಿ ಕವಲೊಡೆಯುತ್ತದೆ. ಒಂದು ದಾರಿ ಉಪ್ಪಿನಂಗಡಿ, ಶಿರಾಡಿ ಘಾಟಿ ಹತ್ತಿ ಹಾಸನ, ಬೆಂಗಳೂರಿಗೆ. ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿ ದಾಟಿ ಮೈಸೂರಿಗೆ. ಪಣಂಬೂರಿನ ಬಂದರಿಗೂ ಘಟ್ಟದ ಮೇಲಿನ ಊರುಗಳಿಗೂ ನಡುವೆ ಸರಕು ಸಾಗಿಸುವ ಲಾರಿಗಳು ಹಗಲಿರುಳೆನ್ನದೆ ಓಡಾಡುವ ದಾರಿಗಳಿವು. ವಾರಗಟ್ಟಲೆ ಮನೆಯಿಂದ ದೂರವಿರುವ ಚಾಲಕರನ್ನೂ, ದುಡಿಮೆಗೆಂದು ಮುಂಬೈ ಮೊದಲಾದ ನಗರಗಳಿಗೆ ಹೋಗುವ ವಲಸಿಗರನ್ನೂ ರಾಷ್ಟ್ರೀಯ ಕಾರ್ಯಕ್ರಮ ವಿಶೇಷ ಗಮನ ಬೇಕಾದವರೆಂದು ಗುರುತಿಸಿತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಬಂದ ‘ಆವಾಹನ್’ ಯೋಜನೆ, ಲಾರಿ ನಿಲ್ದಾಣಗಳಲ್ಲೇ ಚಿಕಿತ್ಸಾಲಯಗಳನ್ನು ತೆರೆದು ಲೈಂಗಿಕ ಸೋಂಕುಗಳಿಗೆ ಔಷಧ, ಕಾಂಡೋಮ್, ಸಲಹೆ ನೀಡಿತು. ಚಾಲಕರು ಊರಿನ ಆಸ್ಪತ್ರೆಯ ಸರದಿಯಲ್ಲಿ ನಿಲ್ಲಲು ಬಿಡುವಿಲ್ಲದವರು. ಅವರು ಲಾರಿ ನಿಲ್ಲಿಸುವ ಕಡೆಗೇ ಸೇವೆಯನ್ನು ಒಯ್ಯಬೇಕೆಂಬುದು ಇದರ ಹಿಂದಿನ ತಿಳಿವಳಿಕೆ.

ಕರಾವಳಿಯಲ್ಲಿ ಆರೈಕೆಯ ಹೊಣೆಯನ್ನು ಹೊತ್ತವರಲ್ಲಿ ಕ್ರೈಸ್ತ ಸೇವಾ ಸಂಸ್ಥೆಗಳೂ ಇದ್ದವು. ಬೆಂಗಳೂರಿನಲ್ಲಿ ‘ಸ್ನೇಹದಾನ್’ ಆರೈಕೆ ಕೇಂದ್ರ ನಡೆಸುವ ಕ್ಯಾಮಿಲಿಯನ್ ಸಂಸ್ಥೆಯ ಪಾದ್ರಿಗಳು ಮಂಗಳೂರು ಸಮೀಪದ ಗುರುಪುರ ಕೈಕಂಬದ ಬಳಿ ‘ಸ್ನೇಹಸದನ’ವನ್ನು ನಡೆಸಿದರು. ಮನೆಯವರೇ ಹತ್ತಿರ ಸೇರಿಸದ ದಿನಗಳಲ್ಲಿ ಇಂಥ ಕೇಂದ್ರಗಳಲ್ಲಿ ಊಟ, ಹಾಸಿಗೆ, ಮೈಮುಟ್ಟಿ ಆರೈಕೆ ಮಾಡುವ ಕೈಗಳು ಸಿಕ್ಕವು.

ಸಂಘ ಕಟ್ಟಿದವರು

ರಾಜ್ಯದಲ್ಲಿ ಸೋಂಕು ತೀವ್ರವಾಗಿದ್ದದ್ದು ಉತ್ತರದ ಜಿಲ್ಲೆಗಳಲ್ಲಿ. ಬಾಗಲಕೋಟೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆ ವಯಸ್ಕರಲ್ಲಿ ಸುಮಾರು ಶೇ. 3ರಷ್ಟು ಜನರಿಗೆ ಸೋಂಕಿದೆ ಎಂದು ತೋರಿಸಿತು. ಹಲವು ಹೆಣ್ಣುಮಕ್ಕಳನ್ನು ಲೈಂಗಿಕ ವೃತ್ತಿಗೆ ದೂಡಿದ, ದೇವದಾಸಿಯಾಗಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಬಡತನ ಮತ್ತು ಜಾತಿಯ ಕಟ್ಟು ಸಡಿಲವಾಗಿರಲಿಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಹಯೋಗದಲ್ಲಿ 2003ರಲ್ಲಿ ರೂಪುಗೊಂಡ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಇಲ್ಲಿ ಸ್ಥಳೀಯ ಮಹಿಳೆಯರ ಜೊತೆ ಕೆಲಸ ಮಾಡಿತು. ಬಾಗಲಕೋಟೆ ಜಿಲ್ಲೆಯಲ್ಲಿ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಬೆಳೆಯಿತು.

ಮೈಸೂರಿನ ಕಥೆ ದೇಶದ ಗಮನ ಸೆಳೆಯಿತು. 2004ರಲ್ಲಿ ಆರೋಗ್ಯ ಯೋಜನೆಯಾಗಿ ಶುರುವಾದ ಕೆಲಸವನ್ನು ಲೈಂಗಿಕ ಕಾರ್ಯಕರ್ತರೇ ಕೈಗೆತ್ತಿಕೊಂಡು ‘ಆಶೋದಯ ಸಮಿತಿ’ ಕಟ್ಟಿದರು. ಪೊಲೀಸರಿಂದಲೋ ಗೂಂಡಾಗಳಿಂದಲೋ ಹೊಡೆತ ಬಿದ್ದರೆ ತಕ್ಷಣ ಓಡಿಬರುವ ತಂಡ ಅವರದೇ. ಹೊಡೆತದ ಭಯವಿದ್ದವಳು ಗಿರಾಕಿಯ ಮುಂದೆ ಕಾಂಡೋಮ್‌ಗೆ ಪಟ್ಟು ಹಿಡಿಯಲಾರಳು ಎಂಬುದನ್ನು ಅನುಭವದಿಂದ ಅರಿತವರು ಅವರು. 2004ರಿಂದ 2006ರ ನಡುವೆ, ಮೈಸೂರಿನಲ್ಲಿ ಸಾಂದರ್ಭಿಕ ಗಿರಾಕಿಗಳೊಡನೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತು, ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಮುಂದೆ, ಸೋಂಕು ತಗಲುವ ಮೊದಲೇ ಸೇವಿಸುವ ತಡೆ ಮಾತ್ರೆ ‘ಪ್ರೆಪ್’ ಅನ್ನು ಭಾರತದಲ್ಲಿ ಪ್ರಾಯೋಗಿಕವಾಗಿ ನೀಡಿದ ಎರಡು ಸಂಘಟನೆಗಳಲ್ಲಿ ಆಶೋದಯ ಒಂದು. ಇನ್ನೊಂದು ಕೋಲ್ಕತ್ತದ ‘ದುರ್ಬಾರ್’.

ಔಷಧದ ಹಾದಿ

2001ರಲ್ಲಿ ಭಾರತದ ಸಿಪ್ಲಾ ಕಂಪನಿ ಮೂರು ಔಷಧಗಳ ಮಿಶ್ರಣವನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ದರದಲ್ಲಿ ಕೊಡಲು ಮುಂದಾದಾಗ ಬಡ ದೇಶಗಳಿಗೂ ಚಿಕಿತ್ಸೆ ಎಟುಕುವಂತಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ವೈರಸ್ ನಿಗ್ರಹಿಸುವ ಉಚಿತ ಚಿಕಿತ್ಸೆಯಾದ ಎಆರ್‌ಟಿ 2004ರ ಏಪ್ರಿಲ್ 1ರಂದು ಶುರುವಾಯಿತು. ಮೊದಲ ಹಂತದಲ್ಲಿ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ನಂತರ ಕೇಂದ್ರಗಳು ಜಿಲ್ಲೆಗಳಿಗೆ ಹಬ್ಬಿದವು. ಕರಾವಳಿಯಲ್ಲಿ ಮಂಗಳೂರಿನ ವೆನ್ಲಾಕ್ ಹಾಗೂ ಉಡುಪಿಯ ಜಿಲ್ಲಾ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ.

ತಾಯಿಯಿಂದ ಮಗುವಿಗೆ ಸೋಂಕು ತಗಲದಂತೆ ಮೊದಲು ಹೆರಿಗೆಯ ವೇಳೆ ಒಂದೇ ಡೋಸ್ ನೆವಿರಪಿನ್ ಕೊಡಲಾಗುತ್ತಿತ್ತು. ಬಹು ಔಷಧಗಳ ಉತ್ತಮ ವಿಧಾನ 2012ರಲ್ಲಿ ಮೊದಲು ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2014ರಿಂದ ಸೋಂಕಿತ ಗರ್ಭಿಣಿಯರಿಗೆ ಜೀವನಪರ್ಯಂತ ಚಿಕಿತ್ಸೆ ದೊರೆಯಿತು. ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಕಣಗಳ ಎಣಿಕೆ ಇಳಿಯುವ ತನಕ ಕಾಯಬೇಕಿದ್ದ ನಿಯಮ 2017ರಲ್ಲಿ ಹೋಗಿ, ಸೋಂಕು ಪತ್ತೆಯಾದ ಎಲ್ಲರಿಗೂ ಕೂಡಲೇ ಔಷಧ ಎಂದಾಯಿತು. ತಪ್ಪದೆ ಮಾತ್ರೆ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.

ಕಾನೂನು

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಉದ್ಯೋಗ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಬಯಲು ಮಾಡುವಂತಿಲ್ಲ. ದೂರು ಕೇಳಲು ರಾಜ್ಯಗಳು ಓಂಬುಡ್ಸ್‌ಮನ್ ನೇಮಿಸಬೇಕು. ಇದೇ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು 377ನೇ ಕಲಮಿನ ಹಿಡಿತದಿಂದ ಬಿಡಿಸಿತು. ಕಾನೂನಿಗೆ ಹೆದರಿ ಆಸ್ಪತ್ರೆಯಿಂದ ದೂರ ಉಳಿದಿದ್ದವರಿಗೆ ಇದು ದಾರಿ ತೆರೆಯಿತು.

ಈಗಿನ ಸ್ಥಿತಿ

2021ರ ರಾಷ್ಟ್ರೀಯ ಅಂದಾಜಿನಂತೆ ಕರ್ನಾಟಕದಲ್ಲಿ ಸುಮಾರು 2.76 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರದ ಸ್ಥಾನ ರಾಜ್ಯದ್ದಾಗಿತ್ತು. ಆಗ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ. 0.46, ದೇಶದ ಸರಾಸರಿ ಶೇ. 0.21 ಇತ್ತು. ಔಷಧ ಸಿಗುತ್ತಿದ್ದರೂ ಪರಿಚಿತರ ಕಣ್ಣಿಗೆ ಬೀಳುವ ಅಂಜಿಕೆಯಿಂದ ಹತ್ತಿರದ ಕೇಂದ್ರ ಬಿಟ್ಟು ದೂರದ ಜಿಲ್ಲೆಗೆ ಹೋಗುವವರಿದ್ದಾರೆ. ಬಸ್ಸಿನ ಖರ್ಚು, ಕಳೆದುಹೋಗುವ ದಿನಗೂಲಿ ಸೇರಿ ಕೆಲವರ ಚಿಕಿತ್ಸೆ ನಡುವೆಯೇ ನಿಲ್ಲುತ್ತದೆ. ಅಂಥವರನ್ನು ಮತ್ತೆ ಔಷಧಕ್ಕೆ ಕರೆತರುವವರಲ್ಲಿ ಸೋಂಕಿನೊಂದಿಗೇ ಬದುಕುತ್ತಿರುವ ಜೊತೆಗಾರರೂ ಇದ್ದಾರೆ. ಪರೀಕ್ಷೆ, ಚಿಕಿತ್ಸೆ, ತಾರತಮ್ಯದ ದೂರು ಕುರಿತ ಮಾಹಿತಿಗೆ 1097 ಉಚಿತ ಸಹಾಯವಾಣಿ ಇದೆ.