ತಾಂತ್ರಿಕ ಸಾಮರ್ಥ್ಯದ ನಷ್ಟ

ತಾಂತ್ರಿಕ ಸಾಮರ್ಥ್ಯದ ನಷ್ಟ: ಒಂದು ಸಮಾಜ ಹಿಂದೆ ಮಾಡುತ್ತಿದ್ದ ಕೆಲಸವನ್ನು ಮುಂದೊಂದು ಕಾಲದಲ್ಲಿ ಮಾಡಲಾರದ ಸ್ಥಿತಿಗೆ ಬರುವುದು. ಹೆಚ್ಚು ಉಪಯುಕ್ತವಾದುದು ಬಂದು ಹಳೆಯದು ಮೂಲೆಗುಂಪಾಗುವುದು ಬೇರೆ. ಬೇಕೆಂದರೂ ಕೈಗೂಡದಂತಾಗುವುದು ಬೇರೆ. ಈ ಲೇಖನದ ವಿಷಯ ಎರಡನೆಯದು. ಚಂದ್ರನ ಮೇಲೆ ಮನುಷ್ಯ ಕಡೆಯ ಬಾರಿ ನಡೆದಾಡಿದ್ದು 1972ರ ಡಿಸೆಂಬರಿನಲ್ಲಿ. ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಯಾವ ದೇಶವೂ ಅದನ್ನು ಮತ್ತೆ ಮಾಡಲಿಲ್ಲವಾದ್ದರಿಂದ ಈ ಪ್ರಶ್ನೆ ಬಾಹ್ಯಾಕಾಶ ಯಾನದ ಸಂದರ್ಭದಲ್ಲಿಯೇ ಹೆಚ್ಚು ಚರ್ಚೆಗೆ ಬಂದಿದೆ. ಆದರೆ ಕರ್ನಾಟಕದ ಇತಿಹಾಸದಲ್ಲಿ ಇದಕ್ಕೆ ಇನ್ನೂ ಹಳೆಯ ನಿದರ್ಶನಗಳಿವೆ: ಮೈಸೂರು ಸೇನೆಯ ರಾಕೆಟ್, ಮೂಸೆಯ ಉಕ್ಕು ಮತ್ತು ಕಡೂರು, ಅಜ್ಜಂಪುರ ಸೀಮೆಯ ಅಮೃತ್ ಮಹಲ್ ರಾಸುಗಳು.

ನಷ್ಟದ ಬಗೆಗಳು

ನಷ್ಟದಲ್ಲಿ ಎರಡು ಬಗೆ. ಒಂದು ಊರು ಅಥವಾ ರಾಜ್ಯ ಮಾತ್ರ ಕಳೆದುಕೊಂಡು, ವಿದ್ಯೆ ಬೇರೆಡೆ ಉಳಿದಿದ್ದರೆ ಅದು ಸ್ಥಳೀಯ ನಷ್ಟ. ಎಲ್ಲಿಯೂ ಬಲ್ಲವರು ಉಳಿಯದಿದ್ದರೆ ಅದು ಪೂರ್ಣ ನಷ್ಟ. ಬೈಜಾಂಟಿಯಮ್ ಸಾಮ್ರಾಜ್ಯದ ‘ಗ್ರೀಕ್ ಬೆಂಕಿ’ ಎರಡನೆಯ ಬಗೆಯದು. ಅದರಲ್ಲಿ ಏನೇನು ಬೆರೆಸುತ್ತಿದ್ದರೆಂಬುದು ಇಂದಿಗೂ ಖಚಿತವಾಗಿಲ್ಲ. ಇತಿಹಾಸದಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯ ಬಗೆ.

ಒಂದು ಸಾಮರ್ಥ್ಯ ನಿಲ್ಲಲು ನಾಲ್ಕು ಸಂಗತಿಗಳು ಒಟ್ಟಿಗೆ ಬೇಕು: ಕೈಪಳಗಿದ ಜನ, ಒಗ್ಗಿದ ಕಚ್ಚಾ ಸಾಮಗ್ರಿ, ಬಿಡದೆ ನಡೆಯುವ ಅಭ್ಯಾಸ, ಹಣ ಕೊಟ್ಟು ಮಾಡಿಸುವ ಆಶ್ರಯ. ಸಾಮಾನ್ಯವಾಗಿ ಮೊದಲು ಹೋಗುವುದು ಆಶ್ರಯ. ಉಳಿದವು ಒಂದೊಂದಾಗಿ ಅದನ್ನು ಹಿಂಬಾಲಿಸುತ್ತವೆ. ಬರಹ ಮತ್ತು ನಕ್ಷೆಗಳು ಈ ನಾಲ್ಕರಲ್ಲಿ ಯಾವುದರ ಸ್ಥಾನವನ್ನೂ ಪೂರ್ತಿಯಾಗಿ ತುಂಬುವುದಿಲ್ಲ.

ಮೈಸೂರು ರಾಕೆಟ್

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇನೆಯ ಬಾಣ ಅಥವಾ ರಾಕೆಟ್, ಬಡಿದು ಮಾಡಿದ ಮೆದು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳಕ್ಕೋ ಕತ್ತಿಯ ಅಲಗಿಗೋ ಬಿಗಿದ ಆಯುಧ. ಕಾಗದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತಿದ್ದುದರಿಂದ ಅದು ಒಂದು ಕಿಲೊಮೀಟರಿಗೂ ಮೀರಿ ಹಾರುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸೋತಾಗ, ಅದರ ಮದ್ದಿನ ಬಂಡಿಗಳು ಸಿಡಿಯಲು ರಾಕೆಟ್ಟುಗಳೇ ಕಾರಣವೆಂದು ಹೇಳಲಾಗಿದೆ. ಟಿಪ್ಪು ಪ್ರತಿ ಕುಶೂನಿಗೂ, ಅಂದರೆ ಸೇನೆಯ ಪ್ರತಿ ದಳಕ್ಕೂ, ರಾಕೆಟ್ ಹಾರಿಸುವವರ ಪಡೆಯನ್ನು ಜೋಡಿಸಿದ್ದ. ಬೆಂಗಳೂರಿನ ತಾರಾಮಂಡಲಪೇಟೆ ಈ ತಯಾರಿಕೆಯ ನೆಲೆಯಾಗಿತ್ತೆಂಬ ಪ್ರತೀತಿಯಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳನ್ನು ಇಂಗ್ಲೆಂಡಿನ ವೂಲಿಚ್‌ಗೆ ಸಾಗಿಸಲಾಯಿತು. ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ಹೊಸ ರಾಕೆಟ್ಟುಗಳನ್ನು ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೇಲೆ ಅವು ಬಿದ್ದವು. ಜಗತ್ತಿಗೆ ವಿದ್ಯೆ ಉಳಿಯಿತು, ಮೈಸೂರಿಗೆ ಉಳಿಯಲಿಲ್ಲ. ಮಾಡಿಸುವ ಸೇನೆಯೇ ಇಲ್ಲವಾದ ಮೇಲೆ ಕಮ್ಮಾರರೂ ಮದ್ದು ಅರೆಯುವವರೂ ಬೇರೆ ಕೆಲಸ ಹಿಡಿಯಬೇಕಾಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ (ಹಿಂದಿನ ಬಿದನೂರು) ಪ್ರದೇಶದ ಪಾಳುಬಾವಿಯೊಂದರಲ್ಲಿ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಈ ಚರಿತ್ರೆಯನ್ನು ಎಂಜಿನಿಯರನ ಕಣ್ಣಿನಿಂದ ಕ್ರಮವಾಗಿ ಅಧ್ಯಯನ ಮಾಡಿದವರು ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ. 1750ರಿಂದ 1850ರವರೆಗಿನ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಕುರಿತ ಅವರ ಪ್ರಬಂಧ 1985ರದು.

ಮೂಸೆಯ ಉಕ್ಕು

ಫ್ರಾನ್ಸಿಸ್ ಬುಕನನ್ 1800-01ರ ಪ್ರವಾಸದಲ್ಲಿ ಮಾಗಡಿ, ಮಧುಗಿರಿ ಸೀಮೆಗಳ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ. ಮೆದು ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಐರೋಪ್ಯರು ‘ವೂಟ್ಜ್’ ಎಂದು ಕರೆದ ಈ ಉಕ್ಕನ್ನು ಮೈಕೇಲ್ ಫ್ಯಾರಡೆಯಂಥವನೂ ಪರೀಕ್ಷಿಸಿದ. ಡಮಾಸ್ಕಸ್ ಕತ್ತಿಗಳ ಅಲೆಗೆರೆ ಮೂಡುತ್ತಿದ್ದುದು ಇಂಥ ಉಕ್ಕಿನಲ್ಲೇ. ಅದನ್ನು ಮತ್ತೆ ಮಾಡುವ ಪ್ರಯತ್ನಗಳು ಶತಮಾನ ದಾಟಿದವು. 1990ರ ದಶಕದಲ್ಲಿ ಅಮೆರಿಕದ ಲೋಹವಿಜ್ಞಾನಿ ವರ್ಹೋವನ್ ಮತ್ತು ಕಮ್ಮಾರ ಪೆಂಡ್ರೆ, ಅದಿರಿನಲ್ಲಿ ಅತ್ಯಲ್ಪವಾಗಿ ಬೆರೆತ ವನೇಡಿಯಂನಂಥ ಧಾತುಗಳು ಆ ಗೆರೆಗಳಿಗೆ ಕಾರಣವೆಂದು ತೋರಿಸಿದರು. ಹಾಗಾಗಿ ಸರಿಯಾದ ಅದಿರಿನ ಪೂರೈಕೆ ನಿಂತರೆ, ವಿಧಾನ ಬಲ್ಲವನ ಕೈಯಲ್ಲೂ ಫಲ ಕೆಡುತ್ತಿತ್ತು. ತನಗೆ ತಿಳಿದಿಲ್ಲದ ಅಂಶವೊಂದು ತನ್ನ ಕಸುಬನ್ನು ನಡೆಸುತ್ತಿದೆಯೆಂದು ಕುಲುಮೆಯವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಬಾಬಾಬುಡನ್ ಗಿರಿಯ ಪೂರ್ವದ ತಪ್ಪಲಿನಲ್ಲಿಯೂ ಉಬ್ರಾಣಿ ಗುಡ್ಡಗಳ ಸುತ್ತಲೂ ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಆಮದಿನ ಅಗ್ಗದ ಕಬ್ಬಿಣದೆದುರು ನಾಡಿನ ಕುಲುಮೆಗಳು ಆರಿದವು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರಿನಿಂದ ಭದ್ರಾವತಿಯಲ್ಲಿ 1923ರಲ್ಲಿ ಮತ್ತೆ ಕಬ್ಬಿಣ ಇಳಿದಾಗ, ಬಳಸಿದ್ದು ಇಲ್ಲಿಯದೇ ಅದಿರು, ಇಲ್ಲಿಯದೇ ಕಾಡಿನ ಇದ್ದಿಲು. ವಿಧಾನ ಮಾತ್ರ ಅಮೆರಿಕದ ತಜ್ಞರ ಸಲಹೆಯಿಂದ ಬಂದದ್ದು.

ಅಮೃತ್ ಮಹಲ್

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಎಮ್ಮೆದೊಡ್ಡಿ ಆಸುಪಾಸಿನ ಬಯಲು ಮತ್ತು ಕುರುಚಲು ಕಾಡಿನ ಸೀಮೆ, ಮೈಸೂರು ಸೇನೆಯ ಎಳೆತದ ಎತ್ತುಗಳು ಬೆಳೆದ ನಾಡು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಟಿಪ್ಪುವಿನ ಕಾಲಕ್ಕೆ ‘ಅಮೃತ್ ಮಹಲ್’ ಆಯಿತು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆ ಹುಲ್ಲುಗಾವಲುಗಳಿದ್ದವು, ಇವೇ ಕಾವಲುಗಳು. ಈ ಎತ್ತುಗಳ ಬಲದಿಂದ ಹೈದರನ ಸೇನೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತೆಂದು ಗೆಜೆಟಿಯರ್ ಹೇಳುತ್ತದೆ. ತಳಿಯನ್ನು ಶುದ್ಧವಾಗಿಡುವುದು, ಹೋರಿ ಆರಿಸುವುದು, ಅರೆಕಾಡು ರಾಸುಗಳನ್ನು ಪಳಗಿಸುವುದು, ಯಾವ ಕಾವಲಿಗೆ ಯಾವಾಗ ಅಟ್ಟಬೇಕೆಂದು ತಿಳಿಯುವುದು, ಇವೆಲ್ಲ ಸೇರಿ ಆ ಸಾಮರ್ಥ್ಯ ರೂಪುಗೊಂಡಿತ್ತು.

1799ರ ನಂತರ ಮೇಲ್ವಿಚಾರಣೆ ಸಡಿಲಗೊಂಡು ಹಿಂಡು ಕ್ಷೀಣಿಸಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆಯನ್ನು ನೇಮಿಸಿ ಅದನ್ನು ಸರಿಪಡಿಸಲಾಯಿತು. 1860ರಲ್ಲಿ ಖರ್ಚು ಉಳಿಸಲೆಂದು ಮದ್ರಾಸ್ ಸರ್ಕಾರ ಇಡೀ ವ್ಯವಸ್ಥೆಯನ್ನು ಮುಚ್ಚಿ ರಾಸುಗಳನ್ನು ಮಾರಿತು. ಸೇನೆಗೆ ತಕ್ಕ ಎತ್ತುಗಳು ಸಿಗದೆ 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂತು. ತಳಿ ಇಂದಿಗೂ ಉಳಿದಿದೆ. ಅಜ್ಜಂಪುರದಲ್ಲಿ ಅದರ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲಾಯಿತು. 1860ರ ತಪ್ಪನ್ನು ಆರು ವರ್ಷದೊಳಗೆ ಸರಿಪಡಿಸಲು ಸಾಧ್ಯವಾದದ್ದು, ಬೀಜದ ರಾಸುಗಳೂ ಸಾಕುವವರೂ ಇನ್ನೂ ಸುತ್ತಮುತ್ತ ಇದ್ದುದರಿಂದ.

ಬಾಹ್ಯಾಕಾಶ ಯಾನ

ಚಂದ್ರಯಾನಿಗಳನ್ನು ಒಯ್ದ ಸ್ಯಾಟರ್ನ್-5 ರಾಕೆಟ್ 1967ರಿಂದ 1973ರವರೆಗೆ 13 ಬಾರಿ ಹಾರಿತು. ಅದರ ನಕ್ಷೆಗಳು ಕಳೆದುಹೋಗಿವೆ ಎಂಬ ಮಾತು ಸುಳ್ಳು, ಅವು ಮೈಕ್ರೋಫಿಲ್ಮಿನಲ್ಲಿವೆ. ಆದರೆ 2012-13ರಲ್ಲಿ ನಾಸಾದ ಯುವ ಎಂಜಿನಿಯರುಗಳು ಅದರ ಎಫ್-1 ಎಂಜಿನ್ ಬಿಚ್ಚಿ ನೋಡಿದಾಗ, ಬೆಸುಗೆಗಾರರು ಕೈಯಳತೆಯಲ್ಲಿ ಮಾಡಿದ್ದ, ನಕ್ಷೆಯಲ್ಲಿಲ್ಲದ ಎಷ್ಟೋ ತಿದ್ದುಪಡಿಗಳು ಕಂಡವು. ಅಂದಿನ ಬಿಡಿಭಾಗ ತಯಾರಕರಲ್ಲಿ ಅನೇಕರು ಉಳಿದಿಲ್ಲ; ಹಾಗಾಗಿ ಹಳೆಯದನ್ನು ಮರಳಿ ಮಾಡುವುದಕ್ಕಿಂತ ಹೊಸದನ್ನು ರೂಪಿಸುವುದು ಸುಲಭವೆನಿಸಿತು. ದಾಖಲೆಯೂ ಸದಾ ಭದ್ರವಲ್ಲ: ಅಪೋಲೊ-11ರ ಮೂಲ ದತ್ತಾಂಶದ ಟೇಪುಗಳು ಬಹುಶಃ ಅಳಿಸಿ ಮರುಬಳಕೆಯಾದವೆಂದು ನಾಸಾ 2009ರಲ್ಲಿ ಹೇಳಿತು. 2011ರ ಜುಲೈಯಲ್ಲಿ ಸ್ಪೇಸ್ ಷಟಲ್ ಯಾನಗಳು ನಿಂತ ಮೇಲೆ 2020ರ ಮೇವರೆಗೆ ಅಮೆರಿಕಕ್ಕೆ ತನ್ನ ನೆಲದಿಂದ ಮನುಷ್ಯರನ್ನು ಕಕ್ಷೆಗೆ ಕಳಿಸಲಾಗಲಿಲ್ಲ.

ರಷ್ಯದ ಅನುಭವ ಇನ್ನೂ ಸ್ಪಷ್ಟ. 1976ರಲ್ಲಿ ಲೂನಾ-24 ಚಂದ್ರನ ಮಣ್ಣು ತಂದಿತ್ತು. ಮುಂದಿನ ಲೂನಾ-25 ಹೊರಟದ್ದು 47 ವರ್ಷಗಳ ನಂತರ, ಮತ್ತು 2023ರ ಆಗಸ್ಟ್ 19ರಂದು ಅದು ಅಪ್ಪಳಿಸಿತು. ನಾಲ್ಕು ದಿನ ಕಳೆದು ಬೆಂಗಳೂರಿನ ನಿಯಂತ್ರಣ ಕೇಂದ್ರದ ಉಸ್ತುವಾರಿಯಲ್ಲಿ ಚಂದ್ರಯಾನ-3 ಇಳಿಯಿತು. ಇಸ್ರೋ ಕೂಡ 2019ರಲ್ಲಿ ಸೋತಿತ್ತು. ಆದರೆ ಆ ಸೋಲಿಗೂ ಮರುಪ್ರಯತ್ನಕ್ಕೂ ನಡುವೆ ನಾಲ್ಕೇ ವರ್ಷ, ತಪ್ಪು ಕಂಡವರೇ ತಿದ್ದುವುದಕ್ಕೂ ಇದ್ದರು. ಕಳೆದುಕೊಳ್ಳುವುದು ಮಾತ್ರವಲ್ಲ, ಪಡೆಯುವುದೂ ನಿಧಾನ: ರಷ್ಯದಿಂದ ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನ ಪಡೆಯುವ ಭಾರತದ ಒಪ್ಪಂದ 1993ರಲ್ಲಿ ಅಮೆರಿಕದ ಒತ್ತಡದಿಂದ ಮುರಿದುಬಿದ್ದ ಮೇಲೆ, ಸ್ವದೇಶಿ ಎಂಜಿನ್ನಿನ ಜಿಎಸ್‌ಎಲ್‌ವಿ ರಾಕೆಟ್ 2010ರಲ್ಲಿ ಸೋತು 2014ರ ಜನವರಿ 5ರಂದು ಗೆದ್ದಿತು.

ವಾದಗಳು

ಮುದ್ರಣ, ಗಣಕ ಮತ್ತು ಜಾಗತಿಕ ವ್ಯಾಪಾರ ಇರುವಾಗ ಪೂರ್ಣ ನಷ್ಟ ಅಸಾಧ್ಯವೆಂಬುದು ಒಂದು ವಾದ. ಗುರುತ್ವದ ನಿಯಮ, ಇಂಧನದ ರಸಾಯನದಂಥ ಮೂಲ ತಿಳಿವು ಹೋಗಲಾರದೆಂಬ ಮಟ್ಟಿಗೆ ಇದು ಸರಿ. ಆಧುನಿಕ ತಂತ್ರಜ್ಞಾನಕ್ಕೆ ಸಾವಿರಾರು ಪೂರೈಕೆದಾರರು ಬೇಕಾದ್ದರಿಂದ ಅದು ಮೂಸೆಯ ಉಕ್ಕಿಗಿಂತ ಹೆಚ್ಚು ದುರ್ಬಲವೆಂಬುದು ಎದುರುವಾದ. ಚಂದ್ರನತ್ತ ಹೋಗದಿದ್ದುದು ಹಣ ಮತ್ತು ರಾಜಕೀಯದ ತೀರ್ಮಾನವೇ ಹೊರತು ಅಸಾಮರ್ಥ್ಯವಲ್ಲ ಎಂಬುದು ಮೂರನೆಯ ನಿಲುವು. ಆದರೆ ಮೈಸೂರಿನ ನಿದರ್ಶನಗಳಲ್ಲಿ ಇವೆರಡರ ನಡುವಿನ ಗೆರೆ ಬಹುಕಾಲ ನಿಲ್ಲುವುದಿಲ್ಲ: ಬೇಡವೆಂದು ಬಿಟ್ಟದ್ದು ಒಂದು ತಲೆಮಾರು ಕಳೆದರೆ ಆಗದ್ದಾಗಿ ಬದಲಾಗುತ್ತದೆ.

ಒಂದು ಸಾಮರ್ಥ್ಯ ಇನ್ನೊಂದರ ನೆಲೆಯನ್ನು ತಿನ್ನುವುದೂ ಉಂಟು. ಇಸ್ರೋದ ರೆಕ್ಕೆಯ ಮರುಬಳಕೆ ವಾಹನ 2023 ಮತ್ತು 2024ರಲ್ಲಿ ಇಳಿದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ನೆಲೆಯಲ್ಲಿ. ಆ ತಾಲ್ಲೂಕಿನ ವಿಶಾಲ ಕಾವಲುಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದಾಗ, ಮೇವಿನ ನೆಲ ಕಳೆದುಕೊಂಡ ದನಗಾಹಿಗಳು ಮತ್ತು ಪರಿಸರಾಸಕ್ತರು ಹಸಿರು ನ್ಯಾಯಪೀಠದ ಮೊರೆ ಹೋಗಿದ್ದರು. ತಳಿಸಂವರ್ಧನೆ ಮತ್ತು ಹುಲ್ಲುಗಾವಲಿನ ನಿರ್ವಹಣೆಯನ್ನು ತಂತ್ರಜ್ಞಾನವೆಂದು ಲೆಕ್ಕ ಹಿಡಿಯದಿದ್ದರೆ ಅದರ ನಷ್ಟ ಯಾವ ಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ.